ಪರಕೃತ ಕರ್ಮವೂ ಹಳೆಯ ವಾಹನವೂ

ಮಾಡಿದವನೇ ಉಣ್ಣಬೇಕು, ಮಾಡದವನಿಗೆ ಉಣ್ಣುವ ಹೊಣೆ ಬರಕೂಡದು ಎಂಬುದು, ನಮ್ಮ ದೇಶದ ದರ್ಶನಗಳು ತಮ್ಮತಮ್ಮಲ್ಲಿ ಎಷ್ಟೇ ಕಾದಾಡಿದರೂ ಚಾರ್ವಾಕರನ್ನುಳಿದು ಮಿಕ್ಕವು ಬಹುಮಟ್ಟಿಗೆ ಶಿರಸಾವಹಿಸಿಕೊಂಡು ಬಂದ ನಿಯಮ. ಮಾಡಿದ ಕರ್ಮವು ಫಲವನ್ನು ಕೊಡದೆ ನಶಿಸಿಹೋಗುವುದಕ್ಕೆ ಕೃತಹಾನವೆಂದೂ, ಮಾಡದ ಕರ್ಮದ ಫಲವು ಬಂದು ಮೈಗೆ ಅಂಟುವುದಕ್ಕೆ ಅಕೃತಾಭ್ಯಾಗಮವೆಂದೂ ತಾರ್ಕಿಕರು ಹೆಸರಿಟ್ಟು, ಯಾವ ಸಿದ್ಧಾಂತವನ್ನು ಒಪ್ಪಿದರೆ ಈ ಎರಡರಲ್ಲಿ ಒಂದಾದರೂ ಪ್ರಸಕ್ತವಾಗುವುದೋ ಆ ಸಿದ್ಧಾಂತವು ಅಷ್ಟು ಮಾತ್ರದಿಂದಲೇ ತ್ಯಾಜ್ಯವೆಂದು ತೀರ್ಮಾನಿಸಿದರು. ಕ್ಷಣಕ್ಷಣಕ್ಕೂ ಎಲ್ಲವೂ ಬೇರೆಯಾಗುತ್ತಿರುತ್ತದೆಯೆಂದ ಬೌದ್ಧರ ಮೇಲೆ ನೈಯಾಯಿಕರೂ, ಹನ್ನೆರಡನೆಯ ಶತಮಾನದ ಜೈನಾಚಾರ್ಯನಾದ ಹೇಮಚಂದ್ರನೂ ಪ್ರಯೋಗಿಸಿದ ಆಯುಧಗಳಲ್ಲಿ ಮುಖ್ಯವಾದುದು ಇದೇ: ನಿನ್ನೆ ಮಾಡಿದವನು ಇಂದು ಇಲ್ಲವಾದರೆ, ಇಂದು ಉಣ್ಣುತ್ತಿರುವವನು ಯಾರ ಪಾಪವನ್ನು ಉಣ್ಣುತ್ತಿದ್ದಾನೆ?

ಇಂಥ ಗಹನವಾದ ಪ್ರಶ್ನೆಯನ್ನು ಇಪ್ಪತ್ತು ವರ್ಷ ಸವೆದ ಒಂದು ರೇಂಜ್ ರೋವರಿನ ಬಾನೆಟ್ಟಿನ ಕೆಳಗೆ ಕೊಂಡೊಯ್ಯುವುದು ಶಾಸ್ತ್ರಕ್ಕೆ ಅಪಚಾರವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಪೂರ್ವಿಕರು ತತ್ತ್ವವನ್ನು ವಿಚಾರಮಾಡುವಾಗ ಗಡಿಗೆ, ಬಟ್ಟೆ, ರಥ, ದೀಪ ಎಂದು ಮನೆಬೀದಿಗಳ ಸಾಮಗ್ರಿಯನ್ನೇ ಎತ್ತಿಕೊಂಡರು. ನಮ್ಮ ಕಾಲದ ಬೀದಿಯಲ್ಲಿ ನಿಂತಿರುವ ರಥವನ್ನು ನಾವು ಎತ್ತಿಕೊಂಡರೆ ಅವರು ಮುನಿಯಲಾರರು. ಅದೂ ಅಲ್ಲದೆ, ಒಂದು ಕಾಲಕ್ಕೆ ಸಿರಿವಂತರ ಮನೆಯಲ್ಲಿದ್ದ ವಾಹನವನ್ನು ಮೂರನೆಯ ಕೈಯಿಂದ ಕೊಂಡು ಅದರೊಡನೆ ಒಂದು ಚಳಿಗಾಲವನ್ನು ಕಳೆದವನಿಗೆ ಅಕೃತಾಭ್ಯಾಗಮದ ಅರ್ಥವನ್ನು ಬೇರೊಬ್ಬರು ಬಿಡಿಸಿ ಹೇಳಬೇಕಾದುದಿಲ್ಲ.

ಈ ವಾಹನದ ವಂಶವೃತ್ತಾಂತವು ಹೊಲದ ಬದುವಿನಿಂದ ಆರಂಭವಾಗುತ್ತದೆ. ಎರಡನೆಯ ಮಹಾಯುದ್ಧದ ಅನಂತರ, ರೋವರ್ ಕಂಪನಿಯಲ್ಲಿ ಇಂಜಿನಿಯರರ ಮುಖ್ಯಸ್ಥನಾಗಿದ್ದ ಮಾರಿಸ್ ವಿಲ್ಕ್ಸ್ ಎಂಬವನು ವೇಲ್ಸಿನ ಆಂಗಲ್ಸಿ ದ್ವೀಪದ ತನ್ನ ಜಮೀನಿನಲ್ಲಿ ಯುದ್ಧದಿಂದ ಮಿಕ್ಕ ಅಮೆರಿಕದ ಜೀಪೊಂದನ್ನು ದುಡಿಸುತ್ತಿದ್ದು, ಅಂಥದೊಂದನ್ನು ತಾವೇ ಏಕೆ ಮಾಡಬಾರದೆಂದು ಯೋಚಿಸಿದುದರ ಫಲವಾಗಿ, 1948ರ ಏಪ್ರಿಲ್ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಲೋಕದ ಕಣ್ಣಿಗೆ ಬಿದ್ದಿತು; ಉಕ್ಕಿಗೆ ಬರವಿದ್ದ ಕಾಲವಾದ್ದರಿಂದ ಅದರ ಮೈಗೆ ಅಲ್ಯುಮಿನಿಯಂ ಮಿಶ್ರಲೋಹದ ತಗಡನ್ನು ಹೊದಿಸಿದರು. 1970ರಲ್ಲಿ ಬಂದ ರೇಂಜ್ ರೋವರ್ ಇದರ ತಮ್ಮ. ಸ್ಪೆನ್ ಕಿಂಗ್ ಎಂಬ ಇಂಜಿನಿಯರನ ಮುಂದಾಳುತನದಲ್ಲಿ ರೂಪುಗೊಂಡ ಈ ವಾಹನಕ್ಕೆ ಸುರುಳಿ ಸ್ಪ್ರಿಂಗುಗಳನ್ನೂ, ನಾಲ್ಕು ಚಕ್ರಗಳಿಗೂ ಸದಾ ಶಕ್ತಿಯನ್ನು ಹಂಚುವ ಏರ್ಪಾಡನ್ನೂ, ಅಮೆರಿಕದ ಬ್ಯೂಕ್ ಕಾರಿಗಾಗಿ ಹುಟ್ಟಿ ಅಲ್ಲಿಯವರು ಬೇಡವೆಂದು ಬಿಟ್ಟ ಮೂರೂವರೆ ಲೀಟರಿನ ಅಲ್ಯುಮಿನಿಯಂ ವಿ-8 ಇಂಜಿನನ್ನೂ ಕೊಟ್ಟರು. ಆಗಿನ ಅದರ ಒಳಾಂಗಣದಲ್ಲಿ ಭೋಗದ ಸುಳಿವೇ ಇರಲಿಲ್ಲ. ಕೆಸರು ತುಳಿದು ಬಂದವರು ಪೈಪು ಹಿಡಿದು ತೊಳೆದುಬಿಡಬಹುದಾದ ಪ್ಲಾಸ್ಟಿಕ್ ಆಸನಗಳೂ ರಬ್ಬರ್ ಹಾಸೂ ಇದ್ದುವು. ಚರ್ಮದ ಆಸನಗಳು, ಮರದ ಅಲಂಕಾರ, 1981ರಲ್ಲಿ ನಾಲ್ಕು ಬಾಗಿಲು, 1992ರಲ್ಲಿ ವಿದ್ಯುನ್ನಿಯಂತ್ರಿತವಾದ ಗಾಳಿಯ ಸ್ಪ್ರಿಂಗು, ಹೀಗೆ ಒಂದೊಂದಾಗಿ ಐಶ್ವರ್ಯಲಕ್ಷಣಗಳು ಬಂದು ಸೇರಿ, ಉಳುವವನ ಬಂಡಿಯ ತಮ್ಮನು ಅರಸುಮಕ್ಕಳ ಪಲ್ಲಕ್ಕಿಯಾದನು.

ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಈ ವಾಹನವನ್ನು ಮಾಡುವ ಕಾರ್ಖಾನೆಯೇ ಕೈಯಿಂದ ಕೈಗೆ ಹೋದದ್ದು. 1994ರಲ್ಲಿ ಜರ್ಮನಿಯ ಬಿಎಂಡಬ್ಲ್ಯು, 2000ದಲ್ಲಿ ಅಮೆರಿಕದ ಫೋರ್ಡ್, 2008ರಲ್ಲಿ ನಮ್ಮವರೇ ಆದ ಟಾಟಾ ಮೋಟಾರ್ಸ್ ಅದರ ಒಡೆಯರಾದರು. 2001ರ ಕೊನೆಗೆ ಹೊರಬಂದ ಮೂರನೆಯ ತಲೆಮಾರಿನ ರೇಂಜ್ ರೋವರನ್ನು ಕಲ್ಪಿಸಿದ್ದು ಒಬ್ಬ ಒಡೆಯನ ಕಾಲದಲ್ಲಿ, ಮಾರಾಟಕ್ಕೆ ಇಟ್ಟದ್ದು ಇನ್ನೊಬ್ಬನ ಕಾಲದಲ್ಲಿ, ಅದರ ಕಡೆಯ ವರ್ಷಗಳನ್ನು ನಡೆಸಿದ್ದು ಮತ್ತೊಬ್ಬನ ಕಾಲದಲ್ಲಿ. ಪರರು ಮಾಡಿದುದರ ಹೊಣೆ ಹೊರುವುದು ಹಳೆಯ ಗಾಡಿ ಕೊಂಡ ಬಡಪಾಯಿಗೆ ಮಾತ್ರ ಮೀಸಲಾದ ಕಷ್ಟವಲ್ಲವೆಂದು ಇದರಿಂದ ತಿಳಿಯುತ್ತದೆ.

ಭೋಗದ ವಾಹನವು ಹೊಸದಾಗಿದ್ದಾಗ ಎಷ್ಟು ದುಬಾರಿಯೋ ಹಳೆಯದಾದಾಗ ಅಷ್ಟೇ ವೇಗದಿಂದ ಅಗ್ಗವಾಗುತ್ತದೆ. ಆದರೆ ಅಗ್ಗವಾಗುವುದು ವಾಹನವೇ ಹೊರತು ಅದರ ಬಿಡಿಭಾಗಗಳಲ್ಲ. ಸಾಧಾರಣ ಕಾರಿನ ಬೆಲೆಗೆ ರೇಂಜ್ ರೋವರನ್ನು ತಂದವನಿಗೆ ಅದರ ಕಂಪ್ರೆಸರೂ ಗೇರ್ ಪೆಟ್ಟಿಗೆಯೂ ರೇಂಜ್ ರೋವರಿನ ಬೆಲೆಗೇ ಸಿಕ್ಕುತ್ತವೆ. ಮಾರುಕಟ್ಟೆಯ ಈ ವಿಚಿತ್ರದ ಹಿಂದೆ ಒಂದು ಸರಳವಾದ ಕಾರಣವುಂಟು. ಮೊದಲ ಒಡೆಯನು ಹೊಸತನವನ್ನು ಭೋಗಿಸಿ ಬಿಡುತ್ತಾನೆ. ಎರಡನೆಯವನು ಹೆಸರನ್ನು ಭೋಗಿಸುತ್ತಾನೆ, ಖರ್ಚಿಗೆ ಹಿಂಜರಿಯುತ್ತಾನೆ. ಮೂರನೆಯವನ ಪಾಲಿಗೆ ಆ ಹಿಂಜರಿಕೆಗಳೆಲ್ಲ ಒಟ್ಟುಗೂಡಿ ಬರುತ್ತವೆ. ಸಂಚಿತವೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆ ಸಂಚಿತವು ಫಲಕ್ಕೆ ಬರುವ ಕ್ರಮವನ್ನು ತುಸು ಹತ್ತಿರದಿಂದ ನೋಡುವುದು ಒಳ್ಳೆಯದು. ಈ ವಾಹನ ತಯಾರಾಗುವ, ಇಂಗ್ಲೆಂಡಿನ ಸಾಲಿಹಲ್ಲಿನ ಕಾರ್ಖಾನೆಗೆ ಅನತಿದೂರದಲ್ಲಿ ನೆಲಸಿರುವ, ಮೈಸೂರು ಕಡೆಯ ವೈದ್ಯಮಿತ್ರರೊಬ್ಬರು ಮೂರನೆಯ ತಲೆಮಾರಿನ ಒಂದು ರೇಂಜ್ ರೋವರನ್ನು ಕೊಂಡರು. ಸಂಜೆ ಸಮವಾಗಿ ನಿಲ್ಲಿಸಿದ ವಾಹನವು ಬೆಳಗ್ಗೆ ಎದ್ದು ನೋಡಿದಾಗ ಮುಂದಣ ಎಡಗಡೆಗೆ ಕುಸಿದು, ಮಂಡಿಯೂರಿದ ಆನೆಯ ಹಾಗೆ ಕುಳಿತಿರುತ್ತಿತ್ತು. ಈ ವಾಹನದ ಭಾರವನ್ನು ಹೊರುವುದು ಉಕ್ಕಿನ ಸುರುಳಿಗಳಲ್ಲ, ಒತ್ತಿದ ಗಾಳಿಯನ್ನು ತುಂಬಿಕೊಂಡ ರಬ್ಬರ್ ಚೀಲಗಳು. ಒಂದು ಕಂಪ್ರೆಸರು ಗಾಳಿಯನ್ನು ಒತ್ತುತ್ತದೆ, ಕವಾಟಗಳು ಅದನ್ನು ಹಂಚುತ್ತವೆ, ಎತ್ತರವನ್ನು ಅಳೆಯುವ ಸೂಕ್ಷ್ಮ ಸಾಧನಗಳು ಕಂಪ್ಯೂಟರಿಗೆ ವರದಿಯೊಪ್ಪಿಸುತ್ತವೆ. ರಬ್ಬರು ವಯಸ್ಸಾದಂತೆ ಬಿರಿಯುತ್ತದೆ, ಕವಾಟಗಳೊಳಗಿನ ಸಣ್ಣ ಬಳೆಯಂಥ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, ಗಾಳಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಸೋರುತ್ತದೆ. ಸೋರಿದುದನ್ನು ತುಂಬಿಕೊಡಲು ಕಂಪ್ರೆಸರು ದಿನವೂ ತನ್ನ ಪಾಲಿಗಿಂತ ಹೆಚ್ಚು ದುಡಿಯುತ್ತದೆ. ದುಡಿದು ದುಡಿದು ಒಂದು ದಿನ ಸುಟ್ಟುಹೋಗುತ್ತದೆ. ಅಲ್ಪ ಬೆಲೆಯ ಸೀಲನ್ನು ಬದಲಾಯಿಸದೆ ಬಿಟ್ಟ ಆಲಸ್ಯವು ಯಾರದೋ. ಕಂಪ್ರೆಸರಿನ ಬೆಲೆಯನ್ನು ತೆತ್ತವರು ನಮ್ಮ ವೈದ್ಯರು. ಬೀಜಕ್ಕೂ ಫಲಕ್ಕೂ ಗಾತ್ರದಲ್ಲಿ ಹೋಲಿಕೆ ಇರಬೇಕೆಂಬ ನಿಯಮವಿಲ್ಲವಷ್ಟೆ.

ಇಂಥ ಕಾರ್ಯಕಾರಣಸರಣಿಗಳು ಈ ವಾಹನದಲ್ಲಿ ಒಂದೆರಡಲ್ಲ. ಹಳೆಯ ವಿ-8 ಇಂಜಿನ್ನಿಗೆ ಆಯಿಲನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಒಳಗೆ ಕರಿಯ ಕೆಸರು ಕಟ್ಟಿ ಕ್ಯಾಮ್‌ಶಾಫ್ಟಿನ ಉಬ್ಬುಗಳು ಸವೆಯುತ್ತವೆ. ಅಲ್ಯುಮಿನಿಯಂ ಇಂಜಿನ್ನಾದ್ದರಿಂದ ರೇಡಿಯೇಟರಿಗೆ ಸರಿಯಾದ ಕೂಲೆಂಟನ್ನು ಹಾಕದೆ ಬರಿಯ ನಲ್ಲಿಯ ನೀರನ್ನು ಹೊಯ್ದುಕೊಂಡು ಹೋದರೆ ಲೋಹ ಒಳಗೊಳಗೇ ಕೊರೆದುಹೋಗಿ, ದಾರಿಗಳು ಕಟ್ಟಿಕೊಂಡು, ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಮೊದಲ ತಲೆಮಾರಿನ ವಾಹನದಲ್ಲಿ ಹೊರಗಿನ ಬಹುಪಾಲು ತಗಡು ಅಲ್ಯುಮಿನಿಯಂ, ಒಳಗಿನ ಹಂದರ ಉಕ್ಕು. ಆದಕಾರಣ ಹೊರಮೈ ಹೊಳೆಯುತ್ತಿರುವಾಗಲೇ, ಇಂಗ್ಲೆಂಡಿನವರು ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪಿನ ನೀರು ಒಳಗಿನ ಉಕ್ಕನ್ನು ತಿಂದಿರುತ್ತದೆ, ಎರಡು ಲೋಹಗಳು ಕೂಡುವೆಡೆಯಲ್ಲಿ ಅಲ್ಯುಮಿನಿಯಮ್ಮೂ ಪುಡಿಪುಡಿಯಾಗಿರುತ್ತದೆ. ಎರಡನೆಯ ತಲೆಮಾರಿನದರಲ್ಲಿ ಇನ್ನೊಂದು ಬಗೆಯ ವ್ಯಾಧಿ: ಬೀಗದ ರಿಮೋಟಿನ ಸಂಕೇತಕ್ಕೆ ಕಿವಿಗೊಟ್ಟು ಕಾದಿರುವ ಸಾಧನವು, ಆಸುಪಾಸಿನ ಯಾವುದೋ ಬಿಡಾಡಿ ರೇಡಿಯೋ ತರಂಗ ಬಂದು ತಟ್ಟಿದರೂ ಒಡೆಯನೇ ಬಂದನೆಂದು ಭ್ರಮಿಸಿ ಮಲಗಿದ ಕಂಪ್ಯೂಟರನ್ನು ಎಬ್ಬಿಸುತ್ತದೆ, ರಾತ್ರಿಯೆಲ್ಲ ನಿದ್ದೆಗೆಟ್ಟ ವಾಹನದ ಬ್ಯಾಟರಿ ಕೆಲವು ದಿನಗಳಲ್ಲಿ ಬರಿದಾಗುತ್ತದೆ. ಇಂದ್ರಿಯಗಳನ್ನು ಹಿಂದಕ್ಕೆ ಸೆಳೆದುಕೊಳ್ಳಲಾರದ ಸಾಧಕನ ಪಾಡನ್ನು ಯೋಗಶಾಸ್ತ್ರದಲ್ಲಿ ಓದಿದವರು ಇದನ್ನು ನೋಡಿ ನಕ್ಕಾರು.

ಈಗ ಪ್ರಶ್ನೆಯ ಬಳಿಗೆ ಬರೋಣ. ಉಪೇಕ್ಷಿಸಿದವನೊಬ್ಬ, ಫಲವುಣ್ಣುವವನೊಬ್ಬ, ನಡುವೆ ಒಂದೇ ಆಗಿ ಉಳಿದುಬಂದಿರುವುದು ವಾಹನ. ಹಾಗಾದರೆ ವಾಹನವಾದರೂ ನಿಜಕ್ಕೂ ಒಂದೇ ಆಗಿ ಉಳಿದಿದೆಯೆ? ಗ್ರೀಕ್ ವಂಶದ ಮಿಲಿಂದ ರಾಜನು ಸಾಗಲ ನಗರದಲ್ಲಿ ಭಿಕ್ಷು ನಾಗಸೇನನೊಡನೆ ನಡೆಸಿದ ಸಂವಾದವು ಪ್ರಸಿದ್ಧವಾದುದು. ನೀನು ಬಂದ ರಥ ಯಾವುದು, ಅಚ್ಚೇ ರಥವೆ, ಗಾಲಿಯೇ ರಥವೆ, ನೊಗವೇ ರಥವೆ, ಇವೆಲ್ಲದರ ಆಚೆಗೆ ರಥವೆಂಬುದೊಂದು ಬೇರೆಯಿದೆಯೆ ಎಂದು ಭಿಕ್ಷುವು ಕೇಳುತ್ತ ಹೋಗಿ, ರಥವೆಂಬುದು ಈ ಅಂಗಗಳ ಕೂಟಕ್ಕೆ ವ್ಯವಹಾರಕ್ಕಾಗಿ ಇಟ್ಟ ಹೆಸರಷ್ಟೆ ಎಂದು ರಾಜನ ಬಾಯಿಂದಲೇ ಹೊರಡಿಸುತ್ತಾನೆ. ಬ್ರಿಟನ್ನಿನ ವಾಹನ ನೋಂದಣಿಯ ಇಲಾಖೆಗೆ ಇಷ್ಟರಿಂದ ತೃಪ್ತಿಯಾಗಲಿಲ್ಲವೆಂದು ಕಾಣುತ್ತದೆ. ತೀವ್ರವಾಗಿ ಮಾರ್ಪಟ್ಟ ವಾಹನವು ತನ್ನ ಹಳೆಯ ನೋಂದಣಿ ಸಂಖ್ಯೆಯನ್ನು ಉಳಿಸಿಕೊಳ್ಳಬಹುದೇ ಎಂಬುದನ್ನು ನಿರ್ಣಯಿಸಲು ಅದು ಬಹುಕಾಲ ಅಂಕಗಳ ಲೆಕ್ಕವೊಂದನ್ನು ಇಟ್ಟುಕೊಂಡಿತ್ತು: ಚಾಸಿಗೆ 5; ಸಸ್ಪೆನ್ಷನ್, ಆಕ್ಸಲ್, ಗೇರು ಮೊದಲಾದ ಶಕ್ತಿವಾಹಕ ಭಾಗಗಳು, ಸ್ಟಿಯರಿಂಗ್ ಇವುಗಳಿಗೆ ತಲಾ 2; ಇಂಜಿನ್ನಿಗೆ ಕೇವಲ 1. ಚಾಸಿಯ 5 ಸೇರಿ ಒಟ್ಟು 8 ಅಂಕಗಳಾದರೂ ಒದಗಿದರೆ ವಾಹನವು ಅದೇ, ಒದಗದಿದ್ದರೆ ಬೇರೆ. ನಾವು ಹೃದಯವೆಂದು ಭಾವಿಸುವ ಇಂಜಿನ್ನಿಗೆ ಎಲ್ಲಕ್ಕಿಂತ ಕಡಿಮೆ ಅಂಕ! ಸಾಲದುದಕ್ಕೆ ಹಳೆಯ ಚಾಸಿಯನ್ನು ತೆಗೆದು ಅದೇ ಮಾದರಿಯ ಹೊಸದನ್ನು, ತಯಾರಕರಿಂದಲೇ ತಂದು, ತಿದ್ದದೆ ಕೂಡಿಸಿದರೂ ಆ 5 ಅಂಕಗಳಿಗೆ ಚ್ಯುತಿಯಿರಲಿಲ್ಲ. ದ್ರವ್ಯವು ಹೋದರೂ ಆಕೃತಿಯು ಉಳಿದರೆ ಸಾಕೆಂಬ ಈ ನಿಲುವನ್ನು ಕೇಳಿದ್ದರೆ ನಮ್ಮ ಮೀಮಾಂಸಕರು ತಲೆದೂಗುತ್ತಿದ್ದರೋ ಏನೋ, ನಾಗಸೇನನಂತೂ ಮುಗುಳುನಗುತ್ತಿದ್ದನು. ನನಗೆ ತೋರುವಮಟ್ಟಿಗೆ ಇಲಾಖೆಯ ಲೆಕ್ಕದಲ್ಲಿ ಹುರುಳಿದೆ. ಗಾಳಿಯ ಚೀಲಗಳ ಕಾಟಕ್ಕೆ ಬೇಸತ್ತು ಅವನ್ನು ಕಿತ್ತು ಸುರುಳಿ ಸ್ಪ್ರಿಂಗುಗಳನ್ನು ಹಾಕಿಸಿಕೊಳ್ಳುವವರು ಬಹಳ ಮಂದಿ. ವಾಹನದ ನಡೆ ಒರಟಾಗುತ್ತದೆ, ಶುದ್ಧಿವಾದಿಗಳು ಮುಖ ಸಿಂಡರಿಸುತ್ತಾರೆ, ಆದರೂ ವಾಹನ ಅದೇ ಎನ್ನುವುದಕ್ಕೆ ಯಾರಿಗೂ ಅಡ್ಡಿಯಿಲ್ಲ.

ಒಂದೇ ಆಗಿ ಉಳಿದುಬಂದ ಮಾತ್ರಕ್ಕೆ ವಾಹನವನ್ನು ಕರ್ತೃವೆನ್ನಲಾದೀತೆ? ಅದು ಜಡ, ಜಡಕ್ಕೆ ಪುಣ್ಯಪಾಪಗಳಿಲ್ಲ. ಕರ್ತೃವು ಉಪೇಕ್ಷಿಸಿದ ಹಿಂದಿನ ಒಡೆಯನೇ. ಅವನು ಫಲದಿಂದ ತಪ್ಪಿಸಿಕೊಂಡನೇ ಎಂದು ವಿಚಾರಿಸಿದರೆ, ಪೂರ್ತಿಯಾಗಿ ತಪ್ಪಿಸಿಕೊಂಡಿಲ್ಲವೆಂದು ಉತ್ತರ ಬರುತ್ತದೆ. ಏಕೆಂದರೆ ಉಪೇಕ್ಷಿತವಾದ ವಾಹನಕ್ಕೆ ಬೆಲೆ ಕಡಿಮೆ. ಕಡಿಮೆ ಬೆಲೆಗೆ ಕೊಟ್ಟಾಗಲೇ ಅವನು ತನ್ನ ಆಲಸ್ಯದ ಫಲವನ್ನು ಉಂಡನು. ಕಡಿಮೆ ಬೆಲೆಗೆ ಕೊಂಡವನು ಮುಂದಣ ಖರ್ಚಿಗೆ ಮುಂಗಡವಾಗಿ ಪರಿಹಾರವನ್ನು ಪಡೆದನು. ಈ ವ್ಯವಹಾರದಲ್ಲಿ ಕೃತಹಾನವೂ ಇಲ್ಲ, ಅಕೃತಾಭ್ಯಾಗಮವೂ ಇಲ್ಲ. ಮಾರುವವನಿಗೆ ತಿಳಿದಿರುವುದೆಲ್ಲ ಕೊಳ್ಳುವವನಿಗೂ ತಿಳಿದಿದ್ದರೆ ಸಂತೆಯ ಬೀದಿಯೇ ಕರ್ಮನ್ಯಾಯವನ್ನು ನಡೆಸಿಕೊಡುತ್ತದೆಯೆಂದಾಯಿತು. ಹಾಗಾದರೆ ದೋಷವು ಹುಟ್ಟುವುದೆಲ್ಲಿ? ಮೀಟರನ್ನು ಹಿಂದಕ್ಕೆ ತಿರುಗಿಸಿದಾಗ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದಾಗ. ಕಂಪ್ಯೂಟರಿನಲ್ಲಿ ದಾಖಲಾದ ದೋಷಸೂಚನೆಗಳನ್ನು ಮಾರಾಟದ ದಿನ ಬೆಳಗ್ಗೆ ಅಳಿಸಿಹಾಕಿದಾಗ. ತಣ್ಣಗಿದ್ದಾಗ ಕೆಮ್ಮುವ ಇಂಜಿನ್ನನ್ನು, ನೋಡಬರುವವನು ಬಾಗಿಲು ತಟ್ಟುವುದಕ್ಕೆ ಮೊದಲೇ ಕಾಯಿಸಿ ಇಟ್ಟಾಗ. ಉಪೇಕ್ಷೆಯು ಸಾಮಾನ್ಯವಾದ ಮಾನುಷ ದೌರ್ಬಲ್ಯ; ಮರೆಮಾಚುವುದೇ ಫಲವನ್ನು ಕರ್ತೃವಿನ ಕೈಯಿಂದ ಕಸಿದು ಅನ್ಯನ ತಟ್ಟೆಗೆ ಬಡಿಸುವ ಪಾಪ. ನಾನು ಮೊದಲನೆಯದನ್ನು ಕ್ಷಮಿಸಬಲ್ಲೆ, ಎರಡನೆಯದನ್ನಲ್ಲ.

ನಮ್ಮ ಧರ್ಮಶಾಸ್ತ್ರಕಾರರು ಈ ವಿಷಯದಲ್ಲಿ ತಾರ್ಕಿಕರಿಗಿಂತ ಲೋಕವನ್ನು ಬಲ್ಲವರು. ಕೊಂಡ ಮೇಲೆ ಪರೀಕ್ಷಿಸಿ ನೋಡುವುದಕ್ಕೆ ಯಾಜ್ಞವಲ್ಕ್ಯಸ್ಮೃತಿಯು ಪದಾರ್ಥಕ್ಕೆ ತಕ್ಕಂತೆ ಅವಧಿಯನ್ನು ಗೊತ್ತುಮಾಡಿದೆ: ಬಿತ್ತನೆಯ ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1, ಭಾರ ಹೊರುವ ಪ್ರಾಣಿಗೆ 5, ಕರೆಯುವ ಪ್ರಾಣಿಗೆ 3, ರತ್ನಕ್ಕೆ 7. ರೇಂಜ್ ರೋವರನ್ನು ಕಬ್ಬಿಣವೆಂದು ಎಣಿಸಬೇಕೋ ಭಾರವಾಹಿಯೆಂದು ಎಣಿಸಬೇಕೋ ಎಂದು ನನ್ನನ್ನು ಕೇಳಿದರೆ, ಕಬ್ಬಿಣದ ಒಂದು ದಿನ ಏನೇನೂ ಸಾಲದೆನ್ನುತ್ತೇನೆ. ಗಾಳಿಯ ಚೀಲದ ಸೋರಿಕೆ ಒಂದು ರಾತ್ರಿ ಕಳೆದ ಹೊರತು ಕಾಣದು. ಬ್ಯಾಟರಿಯ ಬರಿದಾಗುವಿಕೆ ಕೆಲವು ರಾತ್ರಿಗಳನ್ನು ಬೇಡುತ್ತದೆ. ತಣ್ಣನೆಯ ಇಂಜಿನ್ನಿನ ಸ್ವರವನ್ನು ಮುಂಜಾನೆಯೇ ಕೇಳಬೇಕು. ಭಾರವಾಹಿಯ ಐದು ದಿನಗಳೇ ಯುಕ್ತವಾದುವು.

ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿದ್ದವನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಅವನು ಪ್ರತಿಪಾದಿಸಿದುದು ದೇಶದ ಬಹುಭಾಗಕ್ಕೆ ನ್ಯಾಯವಾಯಿತೆಂಬುದು ಎಲ್ಲರಿಗೂ ಗೊತ್ತು. ಆ ಹಕ್ಕಿನ ಬೆನ್ನಿಗೆ ತಂದೆಯ ಸಾಲವನ್ನು ತೀರಿಸತಕ್ಕ ಧರ್ಮವೂ ಬಂದಿತೆಂಬುದನ್ನು ಮಾತ್ರ ಮಕ್ಕಳು ಅಷ್ಟಾಗಿ ನೆನೆಯುವುದಿಲ್ಲ. ಮಾಡದ ಸಾಲವನ್ನು ತೀರಿಸು ಎಂದು ಧರ್ಮಶಾಸ್ತ್ರವೇ ಹೇಳಿದ ಮೇಲೆ ಅಕೃತಾಭ್ಯಾಗಮವನ್ನು ದೋಷವೆಂದು ತಳ್ಳಿಹಾಕುವುದು ಹೇಗೆ? ಇದಕ್ಕೂ ಹಿಂದಕ್ಕೆ ಹೋದರೆ ತೈತ್ತಿರೀಯ ಸಂಹಿತೆಯು ಬ್ರಾಹ್ಮಣನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಲ್ಲಬೇಕಾದ ಮೂರು ಋಣಗಳನ್ನು ಹೊತ್ತೇ ಹುಟ್ಟುತ್ತಾನೆಂದು ಹೇಳುತ್ತದೆ. ಕಣ್ಣು ಬಿಡುವ ಮೊದಲೇ ಋಣಿ! ಕರ್ಮಸಿದ್ಧಾಂತವು ಒಬ್ಬೊಬ್ಬನ ಲೆಕ್ಕವನ್ನೂ ಬೇರೆಬೇರೆ ಬರೆದಿಡುತ್ತದೆ. ಋಣಸಿದ್ಧಾಂತವು ತಲೆಮಾರುಗಳ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯುತ್ತದೆ. ಎರಡನ್ನೂ ಒಂದೇ ಪರಂಪರೆಯು ಪೂಜಿಸಿಕೊಂಡು ಬಂದಿರುವುದು ಅದರ ಗೊಂದಲದ ಗುರುತಲ್ಲವೆಂದೂ, ಅಪರಾಧವನ್ನು ತೂಗುವಾಗ ಮೊದಲನೆಯದನ್ನೂ ಬಾಳನ್ನು ನಡೆಸುವಾಗ ಎರಡನೆಯದನ್ನೂ ಹಿಡಿಯಬೇಕೆಂಬ ವಿವೇಕದ ಗುರುತೆಂದೂ ನನ್ನ ನಂಬಿಕೆ. ಮಾರುವವನಿಗೂ ತಿಳಿಯದೆ ವಾಹನದ ಹೊಟ್ಟೆಯಲ್ಲಿ ಅಡಗಿದ್ದ ಬಿರುಕಿಗೆ ತಪ್ಪಿತಸ್ಥನಾರೆಂದು ಹುಡುಕಿ ಫಲವಿಲ್ಲ. ಅದು ಋಣ, ತೀರಿಸತಕ್ಕದ್ದು.

ಆದರೆ ಎಲ್ಲ ಋಣವನ್ನೂ ಅಲ್ಲ. ಹೆಂಡಕ್ಕಾಗಿ, ಕಾಮಕ್ಕಾಗಿ, ಜೂಜಿಗಾಗಿ ತಂದೆ ಮಾಡಿದ ಸಾಲವನ್ನು ಮಗನು ತೀರಿಸಬೇಕಾಗಿಲ್ಲವೆಂದು ಸ್ಮೃತಿಯೇ ವಿನಾಯಿತಿ ಕೊಟ್ಟಿದೆ. ಹಿಂದಿನ ಒಡೆಯನು ಶೋಕಿಗಾಗಿ ಕೂಡಿಸಿದ ಅತಿದಪ್ಪದ ಟೈರುಗಳು, ಕಣ್ಣು ಕುಕ್ಕುವ ಹೆಚ್ಚುವರಿ ದೀಪಗಳು, ನೆರೆಹೊರೆಯ ನಿದ್ದೆ ಕೆಡಿಸುವ ಸೈಲೆನ್ಸರು ಇವೆಲ್ಲ ಈ ಜಾತಿಯ ಸಾಲಗಳು. ಇವನ್ನು ಕಿತ್ತೊಗೆಯುವವನಿಗೆ ಪಿತೃದೋಷ ತಟ್ಟದು.

ಇಷ್ಟಾದ ಮೇಲೂ ವೈರಾಗ್ಯಪರರು ಒಂದು ಆಕ್ಷೇಪವನ್ನು ಎತ್ತಬಹುದು: ಭೋಗದ ವಸ್ತುವನ್ನು, ಅದೂ ಪೆಟ್ರೋಲನ್ನು ನೀರಿನಂತೆ ಕುಡಿಯುವ ವಸ್ತುವನ್ನು, ಕಷ್ಟಪಟ್ಟು ಕಾಪಾಡುವುದು ಮೋಹವಲ್ಲದೆ ಮತ್ತೇನು ಎಂದು. ಪರಿಗ್ರಹವೆಂದರೆ ವಸ್ತುವಿನಲ್ಲಿ ಮೂರ್ಛೆಗೊಂಡಂತೆ ಮೈಮರೆಯುವುದು ಎಂದು ತತ್ತ್ವಾರ್ಥಸೂತ್ರಕಾರನಾದ ಉಮಾಸ್ವಾತಿಯು ಲಕ್ಷಣ ಹೇಳಿದ್ದಾನೆ. ವಸ್ತುವಿದೆಯೇ ಇಲ್ಲವೇ ಎಂಬುದಕ್ಕಿಂತ ಮನಸ್ಸಿನ ಸ್ಥಿತಿಯೇನೆಂಬುದು ಅವನಿಗೆ ಮುಖ್ಯ. ವಾಹನದ ಕೆಳಗೆ ಅಂಗಾತ ಮಲಗಿ, ಮುಖಕ್ಕೆ ತುಕ್ಕು ಉದುರಿಸಿಕೊಳ್ಳುತ್ತ, ಬಿಗಿದುಕೊಂಡ ನಟ್ಟೊಂದರೊಡನೆ ಹೋರಾಡುತ್ತಿರುವವನಲ್ಲಿ ಮೂರ್ಛೆಯು ಬಹಳ ಹೊತ್ತು ನಿಲ್ಲಲಾರದೆಂದು ನಾನು ಊಹಿಸುತ್ತೇನೆ. ಹೊಸದನ್ನು ಕೊಂಡು ಮೂರು ವರ್ಷಕ್ಕೆ ಬೇಸತ್ತು ಇನ್ನೊಂದಕ್ಕೆ ಹಾರುವವನಿಗಿಂತ ಇವನು ಉಮಾಸ್ವಾತಿಯ ಲಕ್ಷಣಕ್ಕೆ ತುಸು ದೂರದಲ್ಲಿಯೇ ಇದ್ದಾನೆ. ಪೆಟ್ರೋಲಿನ ವಿಷಯದಲ್ಲಿ ಮಾತ್ರ ಆಕ್ಷೇಪವು ನಿಲ್ಲುತ್ತದೆ; ಅದಕ್ಕೆ ಸಮಾಧಾನ ಹೇಳಲು ನಾನು ಹೋಗುವುದಿಲ್ಲ.

ನಮ್ಮ ವೈದ್ಯಮಿತ್ರರು ಕಂಪ್ರೆಸರನ್ನು ಬದಲಾಯಿಸಿದ ಮೇಲೆ ಒಂದು ದಪ್ಪ ಕಡತವನ್ನು ತೆರೆದಿದ್ದಾರೆ. ಯಾವ ದಿನ ಯಾವ ಭಾಗ ಹೋಯಿತು, ಅಸಲು ಭಾಗವನ್ನೇ ಹಾಕಿಸಿದರೋ ಬೇರೆಯವರು ಮಾಡಿದುದನ್ನೋ, ಯಾವ ಕೆಲಸವನ್ನು ಹಣವಿಲ್ಲದೆ ಮುಂದಕ್ಕೆ ಹಾಕಿದ್ದಾರೆ ಎಂಬುದೆಲ್ಲ ರಸೀದಿಗಳ ಸಮೇತ ಅದರಲ್ಲಿದೆ. ಕಡೆಯ ಬಾಬತ್ತು ನನಗೆ ಬಹಳ ಹಿಡಿಸಿತು. ಇಂಥ ವಾಹನವನ್ನು ಕೊಳ್ಳಹೊರಟವರು ಇಂಥ ಕಡತವಿರುವುದನ್ನು ಮಾತ್ರ ಕೊಳ್ಳಿರಿ, ಮುಂಜಾನೆ ಇಂಜಿನ್ ತಣ್ಣಗಿರುವಾಗ ಹೋಗಿ ನೋಡಿರಿ, ಕೊಂಡ ಬೆಲೆಯ ಜೊತೆಗೆ ಮೊದಲ ವರ್ಷದ ರಿಪೇರಿಗೂ ಹಣವನ್ನು ಎತ್ತಿಟ್ಟುಕೊಳ್ಳಿರಿ. ಮತ್ತು ಮಾರುವ ಕಾಲ ಬಂದಾಗ, ಮಾಡಿಸದೆ ಬಿಟ್ಟ ಕೆಲಸಗಳ ಪಟ್ಟಿಯನ್ನು ಬೀಗದ ಕೈಯೊಡನೆ ಕೊಳ್ಳುವವನ ಕೈಗೆ ಕೊಡಿರಿ.